ಮೂರು ಊರಿಗೆ ಹಂಚಿದ ಸೊಟ್ಟ ಭುಜ

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಬೇರೆಯವರು ಹೇಳಿದರೆ ಇನ್ನೂ ಉದ್ದ ಮಾಡಿ ಹೇಳುತ್ತಾರೆ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಊರಿನ ಜನರಿಗೆ ಒಂದೂವರೆ ವರ್ಷ ನಾನು ಭುಜದ ವ್ಯಾಯಾಮವನ್ನು ತಪ್ಪಾಗಿ ಕಲಿಸಿದೆ. ಅರೆಬರೆ ಅನುಮಾನದಿಂದ ಕಲಿಸಿದ್ದರೆ ಕ್ಷಮೆಗೆ ಜಾಗವಿರುತ್ತಿತ್ತು. ನಾನು ಕೊರಳಿಗೆ ಸೀಟಿ ಹಾಕಿಕೊಂಡು, ಎದೆ ಮುಂದೆ ಮಾಡಿ, ಪೂರ್ತಿ ನಂಬಿಕೆಯಿಂದ ಕಲಿಸಿದೆ.

ನಮ್ಮ ಮಾಲಕರಿಗೆ ಈ ಮೂರು ಊರಲ್ಲಿ ಒಂದೊಂದು ಜಿಮ್. ಸೋಮವಾರ, ಮಂಗಳವಾರ ನಾನು ಗೋಕಾಕದಲ್ಲಿ. ಬುಧ, ಗುರು ಮೂಡಲಗಿಯಲ್ಲಿ. ಶುಕ್ರ, ಶನಿ ಹುಕ್ಕೇರಿಯಲ್ಲಿ. ಕೋಚ್ ಎನ್ನುವುದು ಬೋರ್ಡಿನ ಮೇಲಿನ ಮಾತು. ಮೂಲತಃ ನಾನು ಮಿಮಿಕ್ರಿಯವನು. ಯಾರದೇ ನಡಿಗೆ, ಕೆಮ್ಮು, ಫೋನಿನಲ್ಲಿ ಸುಳ್ಳು ಹೇಳುವಾಗಿನ ಮುಖ, ಎಲ್ಲವೂ ಅರ್ಧ ತಾಸು ನೋಡಿದರೆ ನನ್ನ ಮೈಗೆ ಇಳಿದುಬಿಡುತ್ತದೆ. ವ್ಯಾಯಾಮವನ್ನೂ ನಾನು ಹಾಗೆಯೇ ಕಲಿತೆ. ಹದಿನೈದು ದಿನದ ಸರ್ಟಿಫಿಕೇಟ್ ಕೋರ್ಸಿನಲ್ಲಿ ಒಂದು ದಪ್ಪ ಪುಸ್ತಕ ಕೊಟ್ಟಿದ್ದರು. ಅದು ನಮ್ಮ ಮನೆಯ ಅಲುಗಾಡುವ ಕಪಾಟಿನ ಕಾಲಿಗೆ ಸರಿಯಾಗಿ ಹೊಂದಿತು.

ಭುಜದ ವಿಷಯದಲ್ಲಿ ನನ್ನ ಪುಸ್ತಕವೆಂದರೆ ಗೋಕಾಕದ ಉಸ್ತಾದರು. ಪ್ರಾಯದಲ್ಲಿ ತಾಲೀಮಿನಲ್ಲಿ ಕುಸ್ತಿ ಹಿಡಿದು, ಆಮೇಲೆ ಭಾರ ಎತ್ತಿ ಹೆಸರು ಮಾಡಿದವರು. ಈಗ ಎಪ್ಪತ್ತರ ಹತ್ತಿರ. ಗಾದಿ ಹೊಲಿಯುವ ಅಂಗಡಿ ಇದೆ. ನಾನು ಜಿಮ್ಮಿಗೆ ಸೇರಿದ ಹೊಸದರಲ್ಲಿ ಅವರು ಇನ್ನೂ ಬೆಳಿಗ್ಗೆ ಬಂದು ನಾಲ್ಕು ಸಲ ರಾಡು ಎತ್ತಿ ಹೋಗುತ್ತಿದ್ದರು. ರಾಡನ್ನು ಕುತ್ತಿಗೆಯ ಹಿಂದೆ ಇಳಿಸಿ, ಅಲ್ಲಿಂದ ತಲೆಯ ಮೇಲಕ್ಕೆ ಒತ್ತುವ ಪ್ರೆಸ್. ಗೋಣು ಮುಂದೆ ಚಾಚಿರುತ್ತಿತ್ತು. ಬಲ ಮೊಣಕೈ ಎಡದಕ್ಕಿಂತ ನಾಲ್ಕು ಬೆರಳು ಕೆಳಗೆ. ಎಡಗೈ ಎಳೆದುಕೊಂಡು ಹೋದ ಹಾಗೆ ರಾಡು ಬಲಕ್ಕೆ ವಾಲಿಕೊಂಡೇ ಏರುತ್ತಿತ್ತು, ಮೇಲೆ ಮುಟ್ಟಿದಾಗ ಮೂಗಿನಿಂದ ಒಂದು "ಹ್ಞಾಂ" ಬರುತ್ತಿತ್ತು. ನಾನು ಎಲ್ಲವನ್ನೂ ಎತ್ತಿಕೊಂಡೆ, ಹ್ಞಾಂ ಸಹಿತ. ಅವರ ಸಲಾಮನ್ನೂ ಬಿಡಲಿಲ್ಲ. ಅವರ ಬಲಗೈ ಎದೆಯ ಮಟ್ಟಕ್ಕೆ ಬಂದು ಅಲ್ಲಿಯೇ ನಿಲ್ಲುತ್ತಿತ್ತು, ಹಣೆಗೆ ಹೋಗುತ್ತಿರಲಿಲ್ಲ. ದೊಡ್ಡವರ ಗತ್ತು ಇರಬೇಕು ಎಂದುಕೊಂಡು ನಾನೂ ಅಷ್ಟಕ್ಕೇ ನಿಲ್ಲಿಸತೊಡಗಿದೆ. ನನ್ನನ್ನು ನೋಡಿ ಮೂರೂ ಜಿಮ್ಮಿನವರು ಎದೆಮಟ್ಟದ ಸಲಾಮು ಹೊಡೆಯಹತ್ತಿದರು.

ಹುಕ್ಕೇರಿಯ ಜಿಮ್ಮಿಗೆ ಅಂಕಲಗಿಯ ಸೀಲಿಂಗ್ ಮೇಸ್ತ್ರಿ ಬಂದದ್ದು ಈ ಹೊತ್ತಿನಲ್ಲಿ. ಊರಿನ ಹೊಸ ಕಲ್ಯಾಣ ಮಂಟಪದ ಒಳಗಿನ ಪಿಓಪಿ ಕೆಲಸವನ್ನು ಅವರು ಹಿಡಿದಿದ್ದರು. ವಯಸ್ಸು ನಲವತ್ತರ ಆಚೆ, ಮಾತು ಕಡಿಮೆ, ಆಡಿದರೆ ಚುಚ್ಚುವಂಥದು. ಇಡೀ ದಿನ ಕೈ ಮೇಲೆತ್ತಿ ಕೆಲಸ ಮಾಡಿ ಬಲ ಭುಜ ನೋಯುತ್ತದೆ, ಗಟ್ಟಿ ಮಾಡಿಕೊಡಿ ಎಂದು ಕೇಳಿದರು. ಮಂಟಪದ ನಡುಮಧ್ಯದಲ್ಲಿ ಒಂದು ದೊಡ್ಡ ಕಮಲ ಮೂಡಿಸಬೇಕಿತ್ತು. ಅದು ಅಚ್ಚಿನಲ್ಲಿ ಬರುವಂಥದ್ದಲ್ಲ, ಕೈಯಲ್ಲೇ ಎಬ್ಬಿಸಬೇಕು. ಆ ಕಮಲಕ್ಕಾಗಿಯೇ ಮಂಟಪದವರು ಅವರನ್ನು ಹುಡುಕಿ ಕರೆಸಿದ್ದರು. ಮೇಸ್ತ್ರಿಯ ಕೈ ಹೋಯಿತು ಎಂಬ ಮಾತು ಒಮ್ಮೆ ಹೊರಬಿದ್ದರೆ ಮುಂದೆ ಯಾರೂ ಕರೆಯುವುದಿಲ್ಲ, ಅವರ ಕಸುಬು ಅಂಥದು.

ನಾನು ಅವರಿಗೆ ಮೊದಲ ದಿನವೇ ಖಾಲಿ ರಾಡು ಕೊಟ್ಟು ಕುತ್ತಿಗೆಯ ಹಿಂದಿನ ಪ್ರೆಸ್ ಮಾಡಿಸಿದೆ. ಎರಡನೇ ವಾರ ಎರಡೂ ಬದಿಗೆ ಐದೈದು ಕಿಲೋ, ಮೂರನೇ ವಾರ ಏಳೂವರೆ. ಇದರ ಜೊತೆಗೆ ರಾಡನ್ನು ಎರಡೂ ಕೈ ಹತ್ತಿರ ಹಿಡಿದು ಗದ್ದದವರೆಗೆ ಎಳೆಯುವುದು. ಡಂಬೆಲ್ ಪಕ್ಕಕ್ಕೆ ಎತ್ತುವಾಗ ತಂಬಿಗೆಯಿಂದ ನೀರು ಸುರಿಯುವ ಹಾಗೆ ಹೆಬ್ಬೆರಳು ಕೆಳಗೆ ಮಾಡಲು ಹೇಳಿದೆ. ಭುಜ ಕೆಡಿಸುವ ಪಟ್ಟಿ ಎಂದು ಯಾರಾದರೂ ಬರೆದಿಟ್ಟಿದ್ದರೆ ಅದರಲ್ಲಿ ನಾನು ಬಿಟ್ಟದ್ದು ಏನೂ ಇರಲಿಲ್ಲ.

ನಾಲ್ಕನೇ ವಾರದ ಶುಕ್ರವಾರ ಮೇಸ್ತ್ರಿ ಅಂಗಿ ಬಿಚ್ಚಿ ಗೋಡೆಯ ಮೊಳೆಗೆ ಹಾಕಲು ಬಲಗೈ ಎತ್ತಿದರು. ಕೈ ಕಿವಿಯ ಹತ್ತಿರ ನಿಂತಿತು. ಅಂಗಿಯನ್ನು ಎಡಗೈಗೆ ಬದಲಾಯಿಸಿ ಮೊಳೆಗೆ ಹಾಕಿ, ನನ್ನ ಕಡೆ ತಿರುಗಿದರು.

"ಸರ, ನಿಮ್ಮ ಎಕ್ಸಸೈಜ್ ಚಾಲೂ ಮಾಡಿದ ಮ್ಯಾಲ ಸೀಲಿಂಗ್ ಎತ್ತರ ಆಗೇತ್ರಿ."

ಎಲ್ಲರೂ ನಕ್ಕರು. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮೊಳೆ ಮುಟ್ಟಲಾರದ ಮೇಸ್ತ್ರಿಯ ನಕಲು ಮಾಡಿ ತೋರಿಸಿದೆ. ಆಮೇಲೆ, ಗಟ್ಟಿಯಾಗುವ ಮುಂಚೆ ನೋವು ಇರುವುದೇ ಎಂದು ಹೇಳಿ ಇನ್ನೆರಡೂವರೆ ಕಿಲೋ ಏರಿಸಿದೆ. ಈ ಎರಡು ಕೆಲಸಗಳಲ್ಲಿ ಯಾವುದು ಹೆಚ್ಚು ಮೂರ್ಖತನ ಎಂದು ಈಗಲೂ ತೀರ್ಮಾನಿಸಲು ಆಗಿಲ್ಲ.

ಮರುವಾರ ಮೇಸ್ತ್ರಿ ಬರಲಿಲ್ಲ. ಅಟ್ಟಣಿಗೆಯ ಮೇಲೆ ನಿಂತಾಗ ಬಲಗೈಯಿಂದ ಕರಣಿ ಜಾರಿ ಕೆಳಗೆ ಬಿದ್ದಿತ್ತು, ಪುಣ್ಯಕ್ಕೆ ಕೆಳಗೆ ಯಾರೂ ಇರಲಿಲ್ಲ. ಅವರು ಗೋಕಾಕಕ್ಕೆ ಹೋಗಿ ಮೂಳೆ ಡಾಕ್ಟರಿಗೆ ತೋರಿಸಿದ್ದರು. ಡಾಕ್ಟರು ಫಿಜಿಯೋಥೆರಪಿ ಮಾಡುವ ಮೇಡಂ ಹತ್ತಿರ ಕಳಿಸಿದ್ದರು. ಮೇಡಂ ಕೇಳಿದ ಮೊದಲ ಮಾತು, ಈ ವ್ಯಾಯಾಮ ಕಲಿಸಿದವರು ಯಾರು, ಅವರನ್ನು ಕರೆದುಕೊಂಡು ಬನ್ನಿ.

ಹೋದೆ. ಮೇಸ್ತ್ರಿಯ ಎದುರಿಗೇ ಮೇಡಂ ನನ್ನ ಕೈಗೆ ಒಂದು ಕಟ್ಟಿಗೆಯ ಕೋಲು ಕೊಟ್ಟು, ಕಲಿಸಿದ್ದನ್ನು ಮಾಡಿ ತೋರಿಸಲು ಹೇಳಿದರು. ತೋರಿಸಿದೆ. ಹ್ಞಾಂ ಮಾತ್ರ ಬಿಟ್ಟೆ. ಅವರು ಬೈಯಲಿಲ್ಲ, ಬೈದಿದ್ದರೆ ಅವರ ನಕಲು ಮಾಡಿ ಹಗುರಾಗುತ್ತಿದ್ದೆ. ಮೇಸ್ತ್ರಿಗೆ ತಿಳಿಯುವ ಮಾತಿನಲ್ಲಿ ಬಿಡಿಸಿ ಹೇಳಿದರು. ಸ್ಲ್ಯಾಬಿಗೂ ಫಾಲ್ಸ್ ಸೀಲಿಂಗಿಗೂ ನಡುವೆ ವೈರ್ ಹಾಯುವ ಸಣ್ಣ ಜಾಗ ಇರುತ್ತದಲ್ಲ, ಭುಜದೊಳಗೂ ಮೂಳೆಯ ಕೆಳಗೆ ಅಂಥದೇ ಜಾಗ ಇದೆ, ಅದರೊಳಗೆ ಸ್ನಾಯುವಿನ ಹುರಿಗಳು ಹಾಯುತ್ತವೆ. ಮೊಣಕೈಯನ್ನು ಪೂರ್ತಿ ಪಕ್ಕಕ್ಕೆ ತೆರೆದು ರಾಡನ್ನು ಹಿಂದಕ್ಕೆ ಇಳಿಸಿದರೆ ಭುಜ ತನ್ನ ಕೊನೆಯ ಮಿತಿಗೆ ತಿರುಗುತ್ತದೆ. ಮೈ ಸಡಿಲ ಇದ್ದವರಿಗೆ ನಡೆದೀತು. ದಿನವಿಡೀ ಕೈ ಮೇಲೆತ್ತಿ ಮೊದಲೇ ದಣಿದ ಭುಜದವರು, ಕುರ್ಚಿಯಲ್ಲಿ ಬಾಗಿ ಕುಳಿತು ಬಿಗಿಯಾದವರು ಅದೇ ಭಾರ ಹೊತ್ತರೆ ಹುರಿ ಕೆರಳುತ್ತದೆ. ಇದರಿಂದ ಸಿಗುವ ಬಲ ಬೇರೆ ದಾರಿಯಲ್ಲೂ ಸಿಗುತ್ತದೆ; ಡಂಬೆಲ್ ಹಿಡಿದು ಮೊಣಕೈಯನ್ನು ಸ್ವಲ್ಪ ಮುಂದಕ್ಕೆ ತಂದು ಒತ್ತಿದರೆ ಸಾಕು. ಪಕ್ಕಕ್ಕೆ ಎತ್ತುವಾಗ ಹೆಬ್ಬೆರಳು ಮೇಲೆ, ಭುಜದ ಮಟ್ಟಕ್ಕೆ ನಿಲ್ಲಿಸಬೇಕು. ಮುಂದೆ ಒತ್ತಿದಷ್ಟೇ ಹಿಂದಕ್ಕೆ ಎಳೆಯುವ ವ್ಯಾಯಾಮವೂ ಇರಬೇಕು. ಮೇಸ್ತ್ರಿಗಂತೂ ಸದ್ಯ ಭಾರವೇ ಬೇಡ. ರಬ್ಬರ್ ಬ್ಯಾಂಡು, ಮತ್ತು ಗೋಡೆಯ ಮೇಲೆ ಬೆರಳು ನಡೆಸುವುದು.

ಹೊರಡುವಾಗ ಮೇಡಂ ಇನ್ನೊಂದು ಮಾತು ಕೇಳಿದರು. "ಎಲ್ಲಾ ತಿಳೀತು, ಆದ್ರ ನಿಮ್ಮ ಬಲ ಮೊಣಕೈ ಯಾಕ ಕೆಳಗ ಇಳೀತೈತಿ? ನಿಮಗೇನೂ ನೋವಿಲ್ಲಲಾ?"

ನೋವಿಲ್ಲ ಎಂದು ಹೇಳಿ ಕೋಲು ವಾಪಸು ಕೊಟ್ಟೆ.

ಆ ಬುಧವಾರ ಮೂಡಲಗಿಯಲ್ಲಿ ಸಂಜೆಯ ಬ್ಯಾಚಿಗೆ ಖಾಲಿ ರಾಡು, ಕೋಲು ಕೊಟ್ಟು ಕನ್ನಡಿಯ ಮುಂದೆ ಸಾಲಾಗಿ ನಿಲ್ಲಿಸಿದೆ. ಕಲ್ಲೋಳಿಯ ಟ್ರ್ಯಾಕ್ಟರ್ ಮೆಕ್ಯಾನಿಕ್, ಅರಭಾವಿ ಕಾಲೇಜಿನ ಹುಡುಗರು, ಕಿರಾಣಿ ಅಂಗಡಿಯವರು, ಒಟ್ಟು ಹದಿನಾಲ್ಕು ಜನ. ಮಾಡಿ ಎಂದೆ. ಹದಿನಾಲ್ಕು ಗೋಣು ಮುಂದೆ ಚಾಚಿದವು. ಹದಿನಾಲ್ಕು ಬಲ ಮೊಣಕೈ ನಾಲ್ಕು ಬೆರಳು ಕೆಳಗೆ ಇಳಿದವು. ಒಟ್ಟಿಗೇ "ಹ್ಞಾಂ" ಬಂತು. ಜೀವನದಲ್ಲಿ ಮೊದಲ ಬಾರಿಗೆ ಬೇರೆಯವರು ನನ್ನ ನಕಲು ಮಾಡುವುದನ್ನು ನೋಡಿದೆ. ನಗು ಬರಲಿಲ್ಲ.

ಕಲಿಸಿದ್ದನ್ನು ಮರೆಸುವ ಕೆಲಸ ಅಂದಿನಿಂದ ಶುರುವಾಯಿತು. ಕಲಿಸಲು ಒಬ್ಬೊಬ್ಬರಿಗೆ ಹತ್ತು ನಿಮಿಷ ಹಿಡಿದಿತ್ತು. ಮರೆಸಲು ಹೋದರೆ ಗುರುವಾರ ಮೂಡಲಗಿಯಲ್ಲಿ ಸರಿ ಮಾಡಿದ್ದು ಮುಂದಿನ ಬುಧವಾರಕ್ಕೆ ಮೊದಲಿನ ಜಾಗಕ್ಕೆ ಬಂದಿರುತ್ತಿತ್ತು. ಇದಕ್ಕೆ ಕಾರಣವೂ ನಾನೇ. ಒಂದು ವರ್ಷದ ಹಿಂದೆ ಜಿಮ್ಮಿನ ವಾಟ್ಸಾಪ್ ಗುಂಪಿಗೆ ಉಸ್ತಾದರ ಪ್ರೆಸ್ ಮಾಡುವ ನನ್ನದೇ ವಿಡಿಯೋ ಹಾಕಿದ್ದೆ. ನಾನು ಊರಲ್ಲಿ ಇಲ್ಲದ ದಿನ ಆ ವಿಡಿಯೋ ನನ್ನ ಡ್ಯೂಟಿ ಮಾಡುತ್ತಿತ್ತು. ಗುಂಪಿನಿಂದ ತೆಗೆದೆ, ಎಲ್ಲರ ಫೋನಿನಲ್ಲಿ ಉಳಿದಿತ್ತು. ಹೊಸ ವಿಡಿಯೋ ಹಾಕಿದೆ. ಇದರಲ್ಲಿ ಮಜಾ ಇಲ್ಲ ಎಂದರು.

ರಬ್ಬರ್ ಬ್ಯಾಂಡು ತಂದಾಗ ಅದಕ್ಕೆ ಚಡ್ಡಿ ಇಲಾಸ್ಟಿಕ್ ಎಂದು ಹೆಸರಿಟ್ಟರು. ಭಾರ ಇಳಿಸಿ ಎಂದರೆ ಯಾರೂ ಇಳಿಸಲಿಲ್ಲ, ನಾನು ಆಚೆ ಹೋಗುವವರೆಗೆ ನೀರು ಕುಡಿಯುತ್ತ ನಿಂತರು. ಒಂದು ಪರೀಕ್ಷೆ ಇಟ್ಟೆ: ಗೋಡೆಗೆ ಬೆನ್ನು ಹಚ್ಚಿ ನಿಂತು, ಸೊಂಟ ಬಾಗಿಸದೆ ಎರಡೂ ಕೈ ಮೇಲೆತ್ತಿ ಹೆಬ್ಬೆರಳನ್ನು ಗೋಡೆಗೆ ಮುಟ್ಟಿಸಬೇಕು, ಮುಟ್ಟದವರು ತಲೆಯ ಮೇಲೆ ಭಾರ ಒತ್ತುವಂತಿಲ್ಲ. ಅದನ್ನೇ ಪಂದ್ಯ ಮಾಡಿಕೊಂಡರು. ಸೊಂಟವನ್ನು ಬಿಲ್ಲಿನ ಹಾಗೆ ಬಾಗಿಸಿ ಮುಟ್ಟಿಸಿ, ಪಾಸಾದೆವು ಎಂದು ಫೋಟೋ ತೆಗೆಸಿಕೊಂಡರು. ಬಾಗಿಸದೆ ಮಾಡಿದಾಗ ಅರ್ಧಕ್ಕರ್ಧ ಜನರ ಹೆಬ್ಬೆರಳು ಮುಟ್ಟಲಿಲ್ಲ. ನನ್ನದೂ ಮುಟ್ಟಲಿಲ್ಲ. ಅದನ್ನು ಮಾತ್ರ ಎಲ್ಲರೂ ನೆನಪಿಟ್ಟುಕೊಂಡರು.

ಎಲ್ಲರಿಗಿಂತ ಗಟ್ಟಿಯಾಗಿ ನಿಂತವರು ಗೋಕಾಕದ ಹಿರಿಯ ಸದಸ್ಯರೊಬ್ಬರು. ಪಿಗ್ಮಿ ಏಜೆಂಟರು, ದಿನಕ್ಕೆ ಐವತ್ತು ಅಂಗಡಿ ಹತ್ತಿ ಇಳಿಯುವವರಾದ್ದರಿಂದ ಜಿಮ್ಮಿನ ಸುದ್ದಿ ಅವರ ಬಾಯಿಂದಲೇ ಊರಿಗೆ ಹೋಗುತ್ತಿತ್ತು. ಉಸ್ತಾದರು ಜೀವನಪೂರ್ತಿ ಎತ್ತಿದ್ದನ್ನು ನಿನ್ನೆಯ ಹುಡುಗ ತಪ್ಪು ಎನ್ನುತ್ತಾನೆ ಎಂದು ಅವರು ಎಲ್ಲ ಕಡೆ ಹೇಳಿದರು. ಮಾಲಕರ ಕಿವಿಗೂ ಬಿತ್ತು. ನಮ್ಮ ಮಾಲಕರಿಗೆ ಸಿಟ್ಟು ಬಂದರೆ ಮೊದಲು ಮರಾಠಿ ಬರುತ್ತದೆ, ಆಮೇಲೆ ಅದನ್ನು ಅವರೇ ಕನ್ನಡಕ್ಕೆ ತಂದುಕೊಡುತ್ತಾರೆ. ಹಾಗಾಗಿ ನಮಗೆ ಒಂದೇ ಬೈಗುಳ ಎರಡು ಸಲ. ಮೂರೂ ಜಿಮ್ಮಿನ ಗೋಡೆಯ ಮೇಲೆ ಉಸ್ತಾದರ ಆ ಎತ್ತುವಿಕೆಯನ್ನೇ ಆಳೆತ್ತರಕ್ಕೆ ಬರೆಸಿದ್ದರು, ಬಲ ಮೊಣಕೈ ಕೆಳಗಿದ್ದ ಹಾಗೆಯೇ. ಗೋಡೆಯ ಮೇಲಿದ್ದದ್ದು ತಪ್ಪು ಎಂದು ಅದರ ಕೆಳಗೇ ನಿಂತು ಹೇಳುವ ಕೋಚನ್ನು ಇಟ್ಟುಕೊಂಡು ನಾನೇನು ಮಾಡಲಿ ಎಂದು ಕೇಳಿದರು. ಅದನ್ನೂ ಎರಡು ಭಾಷೆಯಲ್ಲಿ ಕೇಳಿದರು.

ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತಿದ್ದವರು ಮೇಸ್ತ್ರಿ ಒಬ್ಬರೇ. ಹುಕ್ಕೇರಿಯ ಜಿಮ್ಮಿನ ಗೋಡೆಗೆ ಎದುರಾಗಿ ನಿಂತು ಬಲಗೈಯ ಬೆರಳುಗಳನ್ನು ಮೇಲಕ್ಕೆ ನಡೆಸಿ, ನೋವು ತಡೆದ ಜಾಗದಲ್ಲಿ ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದರು. ಕಿಸೆಯಿಂದ ಟೇಪು ತೆಗೆದು ನೆಲದಿಂದ ಅಳೆದು, ಪಕ್ಕದಲ್ಲಿ ಅಂಕಿ ಬರೆಯುತ್ತಿದ್ದರು. ಮಂಟಪದ ಉದ್ಘಾಟನೆಗೆ ಆಗ ಒಂಬತ್ತು ವಾರ ಇತ್ತು. ಜೊತೆಗಾರರಿಗೆ ಮೇಲಿನ ಕೆಲಸ ಬಿಟ್ಟು, ತಾವು ನೆಲದ ಮೇಲೆ ಕುಳಿತು ಅಂಚಿನ ಪಟ್ಟಿಗಳನ್ನು ಎರಕ ಹೊಯ್ಯುತ್ತಿದ್ದರು. ಆದರೆ ಕಮಲ ಜೊತೆಗಾರರಿಂದ ಆಗುವಂಥದ್ದಲ್ಲ. ಮಂಟಪದವರು ದಿನಾ ಬಂದು ಮೇಲೆ ನೋಡಿ, ಕೆಳಗೆ ಮೇಸ್ತ್ರಿಯನ್ನು ನೋಡಿ ಹೋಗುತ್ತಿದ್ದರು. ಸಂಕೇಶ್ವರದ ಬೇರೊಂದು ತಂಡದ ಹೆಸರು ಅವರ ಬಾಯಲ್ಲಿ ಬರತೊಡಗಿತ್ತು. ಗೆರೆಗಳು ಮೊದಲ ವಾರ ಏರಿದವು. ಆಮೇಲೆ ಹತ್ತು ದಿನ ಒಂದೇ ಜಾಗದಲ್ಲಿ, ಒಂದರ ಮೇಲೊಂದು ಬಿದ್ದು ದಪ್ಪವಾದವು.

ಮೂರನೇ ವಾರ ಮುಗಿದ ಶುಕ್ರವಾರ ನಾನು ಹೋದಾಗ ಹೊಸ ಗೆರೆ ಒಂದು ಗೇಣು ಕೆಳಗೆ ಇತ್ತು. ಟೇಪು ತಪ್ಪಿರಬೇಕು ಎಂದೆ. ಮೇಸ್ತ್ರಿ ಮತ್ತೊಮ್ಮೆ ಟೇಪು ಹಿಡಿದು ಅಳೆದು ತೋರಿಸಿದರು. ಆಮೇಲೆ ಬಾಯಿಬಿಟ್ಟರು. ಬುಧವಾರ, ನಾನು ಮೂಡಲಗಿಯಲ್ಲಿದ್ದಾಗ, ಇಲಾಸ್ಟಿಕ್ ಎಳೆಯುವ ಅವರನ್ನು ನೋಡಿ ಯಾರೋ ಚೇಷ್ಟೆ ಮಾಡಿದ್ದಾರೆ. ನೋವನ್ನು ನೋವಿನಿಂದಲೇ ತೆಗೆಯಬೇಕು, ಉಸ್ತಾದರಿಗೆ ಏನಾದರೂ ಆಗಿದೆಯೇ ಎಂದು ಕೇಳಿದ್ದಾರೆ. ಇವರು ರಾಡು ಹಿಡಿದು ಕುತ್ತಿಗೆಯ ಹಿಂದಿನಿಂದ ಎಂಟು ಸಲ ಎತ್ತಿದ್ದಾರೆ.

ನನಗೆ ತಲೆ ಕೆಟ್ಟಿತು. ಅವರಿಗಿಂತ ಹದಿನೈದು ವರ್ಷ ಚಿಕ್ಕವನು ಎಂಬುದನ್ನೂ ಮರೆತು ಕೂಗಾಡಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡರು.

"ನೀವು ಮೊದಲ ಎತ್ತ್ರಿ ಅಂದ್ರಿ, ಈಗ ಬ್ಯಾಡ ಅಂತೀರಿ. ಮೇಡಂ ಬ್ಯಾಡ ಅಂತಾರ, ಊರ ಮಂದಿ ಎತ್ತು ಅಂತಾರ. ನನಗಿರೂದು ಇದ ಒಂದ ಕೈ ಸರ. ಉಸ್ತಾದರು ಬ್ಯಾಡ ಅಂದ್ರ ಬಿಡ್ತೇನಿ. ಇಲ್ಲಾಂದ್ರ ಎತ್ತಿ ನೋಡೇ ಬಿಡ್ತೇನಿ."

ಅಂದಿನವರೆಗೆ ನಾನು ಉಸ್ತಾದರ ಹತ್ತಿರ ಹೋಗುವುದನ್ನು ಬೇಕೆಂದೇ ತಪ್ಪಿಸಿಕೊಂಡಿದ್ದೆ. ಹೋಗಿ ಏನು ಹೇಳುವುದು? ನಿಮ್ಮ ಎತ್ತುವಿಕೆಯಿಂದ ಜನರ ಭುಜ ಕೆಡುತ್ತಿದೆ ಎಂದೇ? ನಮ್ಮಲ್ಲಿ ಇಂದಿಗೂ ರಾಡು ಮುಟ್ಟುವ ಮುಂಚೆ ಉಸ್ತಾದರ ಚಿತ್ರದ ಕೆಳಗಿನ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವವರಿದ್ದಾರೆ. ನಾನೂ ಒತ್ತಿಕೊಳ್ಳುತ್ತೇನೆ. ಆದರೆ ಗೋಡೆಯ ಮೇಲಿನ ಆ ಕೆಳಗಿನ ಗೆರೆ ನೋಡಿದ ಮೇಲೆ ಮರುದಿನವೇ ಹುಕ್ಕೇರಿಯ ಡ್ಯೂಟಿ ಬಿಟ್ಟು ಗೋಕಾಕದ ಗಾದಿ ಅಂಗಡಿಗೆ ಹೋದೆ.

ಉಸ್ತಾದರು ಗಾದಿಯೊಂದಕ್ಕೆ ಟಾಕು ಹಾಕುತ್ತ ಕುಳಿತಿದ್ದರು. ನಾನು ಎಲ್ಲವನ್ನೂ ಹೇಳಿದೆ. ನಕಲು ಕಲಿತದ್ದು, ಕಲಿಸಿದ್ದು, ಮೇಸ್ತ್ರಿಯ ಕೈ, ಪೆನ್ಸಿಲ್ ಗೆರೆ, ಏಜೆಂಟರ ಮಾತು. ನಡುವೆ ಒಮ್ಮೆಯೂ ಯಾರ ದನಿಯನ್ನೂ ನಕಲು ಮಾಡಲಿಲ್ಲ. ನನ್ನ ಮಟ್ಟಿಗೆ ಅದು ವ್ರತ. ಅವರು ಸೂಜಿ ನಿಲ್ಲಿಸಲಿಲ್ಲ. ಮುಗಿದ ಮೇಲೆ ಎದ್ದು, ಮೇಲಿನ ಹಲಗೆಯಿಂದ ಅರಳೆಯ ಗಂಟನ್ನು ಎಡಗೈಯಿಂದ ಎಳೆದುಕೊಂಡರು. ಅವರು ಮೇಲಿನ ವಸ್ತುವನ್ನು ಯಾವಾಗಲೂ ಎಡಗೈಯಿಂದಲೇ ತೆಗೆಯುವುದನ್ನು ನೂರು ಸಲ ನೋಡಿದ್ದೆ, ಅದನ್ನೂ ನಕಲು ಮಾಡಿ ಚಪ್ಪಾಳೆ ಗಿಟ್ಟಿಸಿದ್ದೆ. ಯಾಕೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಅಂದೂ ಕೇಳಲಿಲ್ಲ.

"ಐತವಾರ ಬರ್ತೇನಿ ಬೇಟಾ," ಎಂದರು. "ಎಲ್ಲಾರನೂ ಕರಿ. ಮೇಸ್ತ್ರಿನ್ನೂ ಕರಿ."

ಆ ಭಾನುವಾರದ ಮಾತನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಆಮೇಲೆ ಆದದ್ದನ್ನು ಮೊದಲು ಮುಗಿಸಿಬಿಡುತ್ತೇನೆ, ಇಲ್ಲವಾದರೆ ಉಸ್ತಾದರ ಮಾತಿನ ಮೇಲೆ ನನ್ನ ಮಾತು ಬಂದು ಕೂರುತ್ತದೆ.

ಮೇಸ್ತ್ರಿ ಮತ್ತೆ ಕುತ್ತಿಗೆಯ ಹಿಂದೆ ರಾಡು ಇಳಿಸಲಿಲ್ಲ. ಗೆರೆ ಹಳೆಯ ಜಾಗಕ್ಕೆ ಬರಲು ಎರಡು ವಾರ ತೆಗೆದುಕೊಂಡಿತು, ಅದನ್ನು ದಾಟಲು ಇನ್ನೊಂದು. ಮೇಡಂ ಒಪ್ಪಿದ ಮೇಲೆ ರಾಡಿನ ಒಂದು ತುದಿಯನ್ನು ಗೋಡೆಯ ಮೂಲೆಗೆ ಆನಿಸಿ, ಇನ್ನೊಂದು ತುದಿಯನ್ನು ಎದೆಯಿಂದ ಓರೆಯಾಗಿ ಮುಂದಕ್ಕೆ ಒತ್ತುವುದನ್ನು ಮಾಡಿಸಿದೆ. ಮೊದಲು ಪ್ಲೇಟಿಲ್ಲದೆ, ಆಮೇಲೆ ಎರಡೂವರೆ ಕಿಲೋ. ಕಮಲದ ಕೆಲಸಕ್ಕೆ ಅಟ್ಟಣಿಗೆಯನ್ನು ಒಂದೂವರೆ ಅಡಿ ಏರಿಸಿ ಕಟ್ಟಿಸಿದ್ದು ಮೇಸ್ತ್ರಿಯದೇ ಬುದ್ಧಿ. ಸೀಲಿಂಗ್ ಮುಖದ ಹತ್ತಿರ ಬಂತು, ಕೈ ಕಿವಿಗಿಂತ ಬಹಳ ಮೇಲೆ ಹೋಗುವ ಕೆಲಸ ಉಳಿಯಲಿಲ್ಲ. ಇಪ್ಪತ್ತು ವರ್ಷದಿಂದ ಇದನ್ನು ಯಾಕೆ ಮಾಡಲಿಲ್ಲ ಎಂದು ತಮ್ಮನ್ನೇ ಬೈದುಕೊಂಡರು. ಉದ್ಘಾಟನೆಗೆ ಮೂರು ದಿನ ಇರುವಾಗ ಕಮಲ ಮುಗಿಯಿತು. ಒಂದು ಎಸಳು ಉಳಿದವುಗಳಿಗಿಂತ ತುಸು ದಪ್ಪ ಇದೆ. ಅದು ಕೋಚ್ ಸರ ಕೊಟ್ಟ ಎಸಳು ಎಂದು ಮೇಸ್ತ್ರಿ ಈಗಲೂ ಹೇಳುತ್ತಾರೆ.

ಎಲ್ಲ ಸರಿಹೋಯಿತು ಎಂದು ಹೇಳಲಾರೆ. ಹಳೆಯ ವಿಡಿಯೋ ಇನ್ನೂ ಓಡಾಡುತ್ತಿದೆ, ಮೊನ್ನೆ ಯರಗಟ್ಟಿಯ ಕಡೆಯ ಒಬ್ಬ ಅಪರಿಚಿತ ಅದನ್ನು ನನಗೇ ಕಳಿಸಿ ಕಲಿಯಿರಿ ಎಂದ. ಮೂಡಲಗಿಯಲ್ಲಿ ಇನ್ನೂ ಮೂವರ ಮೊಣಕೈ ಇಳಿಯುತ್ತದೆ. ಗೋಡೆಯ ಚಿತ್ರಕ್ಕೆ ಮಾಲಕರು ಬಣ್ಣ ಹೊಡೆಸಿಲ್ಲ. ನನ್ನ ಮೊಣಕೈ ಕೂಡ ಅವಸರದಲ್ಲಿದ್ದಾಗ ತಾನಾಗಿ ಕೆಳಗೆ ಹೋಗುತ್ತದೆ. ಮೈಗೆ ಬಂದದ್ದು ಬೇಗ ಬಿಡುವುದಿಲ್ಲ.

ಇನ್ನು ಆ ಭಾನುವಾರ. ಗೋಕಾಕದ ಜಿಮ್ಮಿನಲ್ಲಿ ಮೂರೂ ಊರಿನವರು ಸೇರಿ ಮೂವತ್ತು ಜನ. ಮಾಲಕರು ಉಸ್ತಾದರಿಗೆ ಮಾಲೆ ತಂದಿದ್ದರು. ಮೇಸ್ತ್ರಿ ಹಿಂದೆ ಬಾಗಿಲ ಹತ್ತಿರ, ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ನಿಂತಿದ್ದರು. ಉಸ್ತಾದರು ಮಾಲೆಯನ್ನು ಕುರ್ಚಿಗೆ ಹಾಕಿ, ಕುಳಿತುಕೊಳ್ಳದೆ, ಎಲ್ಲಿ ಎತ್ತ್ರಿ ನೋಡೋಣ ಎಂದರು. ಏಜೆಂಟರು ಮುಂದೆ ಬಂದು, ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಖಾಲಿ ರಾಡು ಎತ್ತಿದರು. ಗೋಣು ಚಾಚಿತು, ಬಲ ಮೊಣಕೈ ಇಳಿಯಿತು, ರಾಡು ವಾಲಿಕೊಂಡು ಏರಿತು, ಹ್ಞಾಂ ಬಂತು. ನನಗಿಂತ ಚೆನ್ನಾಗಿ ಮಾಡಿದರು, ಹೊಟ್ಟೆಕಿಚ್ಚಾಯಿತು.

ಉಸ್ತಾದರು ಅವರ ಬಲ ಮೊಣಕೈಯನ್ನು ಒಂದು ಬೆರಳಿನಿಂದ ಮುಟ್ಟಿ, ಇದನ್ಯಾಕ ಕೆಳಗ ಬಿಟ್ಟಿ ಎಂದು ಕೇಳಿದರು. ನೀವು ಹಂಗ ಎತ್ತತಿದ್ರಿ, ನಿಮ್ಮನ್ನ ನೋಡಿ ಕಲ್ತೇವಿ ಎಂದರು ಏಜೆಂಟರು, ನನ್ನ ಕಡೆ ಗೆದ್ದವರ ಹಾಗೆ ನೋಡಿ.

ಉಸ್ತಾದರು ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿ ಬಲಗಡೆ ಸರಿಸಿದರು. ಕೊರಳಿನ ಕೆಳಗೆ ಭುಜಕ್ಕೆ ಹೋಗುವ ಎಲುಬಿನ ಮೇಲೆ ಅಡಿಕೆಯಷ್ಟು ದೊಡ್ಡ ಗಂಟು ಇತ್ತು, ಮುರಿದು ಸೊಟ್ಟಗೆ ಕೂಡಿದ ಎಲುಬು. ಬಾಗಿಲ ಹತ್ತಿರ ಇದ್ದ ಮೇಸ್ತ್ರಿಗೂ ಕಾಣುವ ಹಾಗೆ ಸ್ವಲ್ಪ ತಿರುಗಿ ನಿಂತರು. ಆಮೇಲೆ ಏಜೆಂಟರಿಗೆ ಹೇಳಿದರು:

"ನಂದು ಕುಸ್ತಿಯೊಳಗ ಮುರದಿತ್ತಪಾ, ನೆಟ್ಟಗ ಎತ್ತಾಕ ಬರ್ತಿದ್ದಿಲ್ಲ, ಅದಕ್ಕ ಹಂಗ ಎತ್ತತಿದ್ನಿ. ನಿನಗೇನಾಗಿತ್ತು?"